ಹಸಿವಿನ ಅಳತೆ

ಶಿರಾಳಕೊಪ್ಪಕ್ಕೆ ಸಮೀಪದ ಉಡುತಡಿಯಲ್ಲಿ ಹುಟ್ಟಿದಳೆಂದು ಪರಂಪರೆ ನಂಬುವ, 12ನೆಯ ಶತಮಾನದ ಅಕ್ಕಮಹಾದೇವಿಯ ಒಂದು ವಚನವು ಆಹಾರವನ್ನು ಕಡಿಮೆ ಮಾಡಿಕೊಳ್ಳಿರೆಂದು ಸಾಧಕರನ್ನು ಕೇಳಿಕೊಂಡು, ಊಟದಿಂದ ನಿದ್ರೆ, ನಿದ್ರೆಯಿಂದ ತಾಮಸ, ಅದರ ಬೆನ್ನಿಗೆ ಮೈಮರೆವು ಎಂದು ಒಂದರಿಂದೊಂದು ಹುಟ್ಟುವ ಕೆಡುಕುಗಳನ್ನು ತೋರಿಸುತ್ತಾ ಹೋಗುತ್ತದೆ. ಇಂಥದ್ದನ್ನು ಉಣ್ಣಬಹುದು, ಇಂಥದ್ದು ಕೂಡದು ಎಂಬ ಪಟ್ಟಿ ಮಾತ್ರ ಆ ವಚನದಲ್ಲಿಲ್ಲ. ಹಸಿವಿಗೆ ಊರಿನ ಭಿಕ್ಷೆಯನ್ನೇ ನೆಚ್ಚಿಕೊಂಡ ಅವಳ ಇನ್ನೊಂದು ವಚನವನ್ನು ಇದರ ಪಕ್ಕದಲ್ಲಿಟ್ಟರೆ ನಿಲುವು ಮತ್ತಷ್ಟು ಸ್ಪಷ್ಟವಾಗುತ್ತದೆ: ಒಂದು ಮನೆಯಲ್ಲಿ ರೊಟ್ಟಿ, ಮತ್ತೊಂದರಲ್ಲಿ ಗಂಜಿ ಸಿಗಬಹುದಾದುದರಿಂದ ಏನನ್ನು ಉಣ್ಣಬೇಕೆಂಬ ಆಯ್ಕೆ ಭಿಕ್ಷೆ ಬೇಡುವವರ ಕೈಯಲ್ಲಿರುವುದಿಲ್ಲ, ಎಷ್ಟು ಉಣ್ಣಬೇಕೆಂಬುದೊಂದೇ ಅವರಿಗೆ ಬಿಟ್ಟದ್ದು.

ಶರಣರೆಲ್ಲರೂ ಹೀಗೆಯೇ ಯೋಚಿಸಿದರೆಂದಲ್ಲ. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ, ಎಂದರೆ ವಚನದ ಕೊನೆಗೆ ಮುದ್ರೆಯಾಗಿ ಬರುವ ದೈವನಾಮದಲ್ಲಿ, ಬರೆದ ಅಕ್ಕಮ್ಮನಿಗೆ ವ್ರತನಿಯಮಗಳೇ ಧರ್ಮದ ಜೀವಾಳ. ಅಂಥ ನಿಷ್ಠೆಯನ್ನು ಹಗುರವಾಗಿ ಕಾಣಲಾಗದು. ಆದರೆ ಒಮ್ಮೆ ಪಟ್ಟಿಯನ್ನು ಒಪ್ಪಿಕೊಂಡವರು ದಿನದಿನವೂ ತಮ್ಮ ಹಸಿವನ್ನು ತಾವೇ ವಿಚಾರಿಸಿಕೊಳ್ಳುವ ಕಷ್ಟದಿಂದ ಪಾರಾಗುತ್ತಾರೆ. ಇಂದಿನ ಕೀಟೋ, ವೀಗನ್ ಮುಂತಾದ ಹೆಸರುಗಳ ಆಕರ್ಷಣೆಯೂ ಬಹುಮಟ್ಟಿಗೆ ಇದೇ ಇರಬೇಕು.

ಚರಕಸಂಹಿತೆಯ ವಿಮಾನಸ್ಥಾನವು ಆಹಾರದ ಗುಣದೋಷಗಳನ್ನು ನಿರ್ಣಯಿಸುವ 8 ಅಂಶಗಳನ್ನು ಹೇಳುತ್ತದೆ. ಪದಾರ್ಥದ ಸಹಜ ಗುಣವಾದ ‘ಪ್ರಕೃತಿ’ ಅವುಗಳಲ್ಲಿ ಒಂದು ಮಾತ್ರ. ಅಡುಗೆಯ ಸಂಸ್ಕಾರವಾದ ‘ಕರಣ’, ಬೆರಕೆಯಾದ ‘ಸಂಯೋಗ’, ಪ್ರಮಾಣವಾದ ‘ರಾಶಿ’, ಜೊತೆಗೆ ದೇಶ, ಕಾಲ, ಉಣ್ಣುವ ಕ್ರಮ, ಕೊನೆಯದಾಗಿ ಉಣ್ಣುವವರೇ ಆದ ‘ಉಪಯೋಕ್ತಾ’ ಉಳಿದವು. ಪಟ್ಟಿ ಹಿಡಿದು ಉಣ್ಣುವವರು ಸಾಮಾನ್ಯವಾಗಿ ಮೊದಲನೆಯದನ್ನೇ ಪೂರ್ಣವೆಂದು ಬಗೆಯುತ್ತಾರೆ. ಸೊರಬ, ಶಿಕಾರಿಪುರದ ಕಡೆಯ ಮಳೆಗಾಲದ ಅಡುಗೆಮನೆ ಬೇರೆ ದಾರಿ ಹಿಡಿದಿದೆ: ಎಳೆ ಬಿದಿರಾದ ಕಳಲೆಯಲ್ಲಿ ವಿಷಾಂಶವಿದೆಯೆಂದು ಅದನ್ನು ದೂರವಿಡದೆ, ಹೆಚ್ಚಿ, ದಿನವೂ ನೀರು ಬದಲಿಸುತ್ತಾ ನೆನೆಸಿಟ್ಟು, ಬೇಯಿಸಿ ಪಲ್ಯ ಮಾಡುತ್ತಾರೆ, ಗಂಟಲು ಕೆರೆಸುವ ಕೆಸುವಿನ ಎಲೆಗೆ ಹುಣಸೆಹುಳಿ ಸೇರಿಸಿ ಪತ್ರೊಡೆ ಮಾಡುತ್ತಾರೆ. ನಿಷೇಧಿಸಬಹುದಾಗಿದ್ದ ವಸ್ತುವನ್ನು ಕರಣ, ಸಂಯೋಗಗಳಿಂದ ತಿದ್ದಿಕೊಂಡ ರೀತಿಯಿದು.

ಪ್ರಮಾಣದ ವಿಷಯದಲ್ಲಿ ಧರ್ಮಗ್ರಂಥಗಳು ಅಚ್ಚರಿಯೆನಿಸುವಷ್ಟು ಹತ್ತಿರ ಬರುತ್ತವೆ. ಭಗವದ್ಗೀತೆಯ 6ನೆಯ ಅಧ್ಯಾಯವು ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗ ಸಿದ್ಧಿಸದೆನ್ನುತ್ತದೆ. ಕುರಾನಿನ 7ನೆಯ ಅಧ್ಯಾಯದ 31ನೆಯ ವಾಕ್ಯ ತಿನ್ನಲು, ಕುಡಿಯಲು ಅನುಮತಿಯಿತ್ತು ಅತಿರೇಕವನ್ನು ಬೇಡವೆನ್ನುತ್ತದೆ. ಇವೆರಡರಲ್ಲೂ ಬೇರೆಡೆ ಆಹಾರದ ವಿಂಗಡಣೆ, ನಿಷೇಧಗಳು ಇವೆಯೆಂಬುದು ನಿಜವೇ.

ಅಕ್ಕಮಹಾದೇವಿಯ ಮಾತಿಗೆ ಇಲ್ಲೊಂದು ಎಲ್ಲೆ ಹಾಕಬೇಕಾಗುತ್ತದೆ. ದಿನವಿಡೀ ಬಗ್ಗಿ ಭತ್ತದ ನಾಟಿ ಮಾಡಿದ ಹೆಂಗಸಿಗೆ ಆಹಾರ ಕಡಿಮೆ ಮಾಡೆಂದು ಉಪದೇಶಿಸುವುದು ಧರ್ಮವೂ ಅಲ್ಲ, ವೈದ್ಯವೂ ಅಲ್ಲ. ಉಣ್ಣುವ ಪ್ರಮಾಣವು ಅವರವರ ಅಗ್ನಿಯನ್ನು, ಅಂದರೆ ಜೀರ್ಣಶಕ್ತಿಯನ್ನು, ಅವಲಂಬಿಸಿದೆಯೆಂದು ಚರಕನೇ ಹೇಳಿದ್ದಾನೆ. ಹಾಗೆಯೇ ಮಧುಮೇಹಿಗೆ ವೈದ್ಯರು ವಿಧಿಸಿದ ಪಥ್ಯವನ್ನು ಹಣೆಪಟ್ಟಿಯೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ಉಪಯೋಕ್ತಾ ಎಂಬ ಅಂಶವನ್ನು ನೋಡಿಯೇ ಹುಟ್ಟಿದ್ದು. ಅನ್ನ, ವೈದ್ಯಗಳನ್ನು ಹೀಗೆ ಜೊತೆಯಲ್ಲಿಟ್ಟು ನೋಡುವುದು ಈ ನೆಲಕ್ಕೆ ಹೊಸದೇನಲ್ಲ: ಉಡುತಡಿಯ ಆಸುಪಾಸಿನಲ್ಲೇ ಇರುವ ಬಳ್ಳಿಗಾವೆಯಲ್ಲಿ, ಕಾಳಾಮುಖ ಶೈವರ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವು ದೀನರು, ಕುರುಡರು, ಗಾಯಕರು, ನಗ್ನ ಸಂನ್ಯಾಸಿಗಳಾದ ಕ್ಷಪಣಕರು ಹೀಗೆ ಬಗೆಬಗೆಯ ಜನರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ ಒಂದೇ ಉಸಿರಿನಲ್ಲಿ ದಾಖಲಿಸಿದೆ.