ಅಜ್ಜಿಗಾಗಿ ಮೊಣಕಾಲೂರಿದವನು

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ಅಜ್ಜಿ ಲೋವಿಯ ವಿಶ್ವಾಸವನ್ನು ಹೆಸರು ಹೇಳಿ ಸ್ಮರಿಸುತ್ತಾರೆ. ಆದರೆ ವಿಶ್ವಾಸವು ಹೊಲಗದ್ದೆಯಂತೆ ಪಾಲಿಗೆ ಬರುವ ಆಸ್ತಿಯೇ?

2019ರಲ್ಲಿ ಬಸಿಲಿಕವಾದ ಕೆ.ಆರ್. ನಗರದ ಬಳಿಯ ಡೋರನಹಳ್ಳಿಯ ಸಂತ ಅಂತೋಣಿಯವರ ದೇವಾಲಯಕ್ಕೆ ಹುಣಸೂರು, ಪಿರಿಯಾಪಟ್ಟಣಗಳ ಅಜ್ಜಿಯಂದಿರೂ ಬರುತ್ತಾರೆ. ಅವರ ಸೆರಗು ಹಿಡಿದು ಜಪಸರದ ಮಣಿ ಎಣಿಸಿದ ಮೊಮ್ಮಗನೇ ಕಾಲೇಜು ಸೇರಿದ ಮೇಲೆ, ‘ಇದೆಲ್ಲ ಯಾಕಜ್ಜಿ?’ ಎನ್ನುತ್ತಾನೆ. ಆದರೂ ಜೂನ್ 13ರ ಹಬ್ಬಕ್ಕೆ ಬೈಕಿನಲ್ಲಿ ಆಕೆಯನ್ನು ಕರೆತಂದು ಹೊರಗೇ ನಿಲ್ಲುತ್ತಾನೆ.

ಅಜ್ಜಿಯ ಸಂತೋಷಕ್ಕೆಂದೇ ಅವನು ಒಳಗೆ ಬಂದರೆ ಅದು ಕಪಟವೇ? ಗುರುಮಠದಿಂದ ಹೊಸದಾಗಿ ಹೊರಬಂದಾಗ ನಾನು ಹೌದೆನ್ನುತ್ತಿದ್ದೆ. ಈಗ ಹಾಗೆನ್ನಲಾರೆ. ನಂಬದ್ದನ್ನು ನಂಬಿದಂತೆ ನಟಿಸುವುದು ಬೇರೆ. ನಡುಗುವ ಕೈಗೆ ಆಸರೆಯಾಗಿ ಪಕ್ಕದಲ್ಲಿ ಮೊಣಕಾಲೂರುವುದು ಬೇರೆ. ಅವನು ಬಂದದ್ದು ತನಗಾಗಿ ಎಂಬುದು ಅಜ್ಜಿಗೂ ಗೊತ್ತು. ಆಕೆ ಅವನಿಗಾಗಿ ಇನ್ನೊಂದು ಜಪಸರ ಹೇಳುತ್ತಾಳೆ.