ತಾರಸಿಗೊಂದು ತಡೆಗೋಡೆ



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಒಂದು ಕುಟುಂಬದವರು ಹೊಸ ಮನೆ ಕಟ್ಟಿಸಿ, ಮಂತ್ರಿಸಲು ನನ್ನನ್ನು ಕರೆದರು. ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣದಲ್ಲಿ ಎದ್ದ ಮನೆ. ಕೋಣೆ ಕೋಣೆಗೂ ತೀರ್ಥ ಪ್ರೋಕ್ಷಿಸುತ್ತಾ ತಾರಸಿಗೂ ಹತ್ತಿದೆವು. ಅಲ್ಲಿ ಸುತ್ತಲೂ ಗೋಡೆಯೇ ಇರಲಿಲ್ಲ.

"ಪ್ಯಾರಾಪೆಟ್ ಇನ್ನೂ ಆಗಿಲ್ಲ ಸ್ವಾಮಿ. ಇದ್ದ ದುಡ್ಡೆಲ್ಲ ಕೆಳಗೆ ಹಾಲ್‌ನ ಗ್ರಾನೈಟಿಗೆ ಆಗಿಹೋಯಿತು. ಹಬ್ಬ ಕಳೆದ ಮೇಲೆ ಕಟ್ಟಿಸುತ್ತೇವೆ" ಎಂದರು ಮನೆಯ ಯಜಮಾನರು. ಶುಭದಿನದಂದು ಅಪಸ್ವರ ಏಕೆಂದು ನಾನೂ ನಕ್ಕು ಸುಮ್ಮನಾದೆ. ಊಟ ಮುಗಿಸಿ ಗುರುಮನೆಗೆ ಹಿಂದಿರುಗಿದೆ.

ಆ ಹಬ್ಬ ಕಳೆಯಿತು, ಮತ್ತೊಂದು ಹಬ್ಬವೂ ಕಳೆಯಿತು. ಒಂದು ಭಾನುವಾರ ಸಂಜೆ ಪಕ್ಕದ ಮನೆಯ ಎಂಟು ವರ್ಷದ ಹುಡುಗ ಗಾಳಿಪಟ ಹಾರಿಸಲು ಆ ತಾರಸಿ ಹತ್ತಿದ. ಕಣ್ಣು ಗಾಳಿಪಟದ ಮೇಲೆ, ಹೆಜ್ಜೆ ಹಿಂದಕ್ಕೆ. ಕೆಳಗೆ ಉಳಿದಿದ್ದ ಮರಳಿನ ಗುಡ್ಡೆ ಅವನ ಪ್ರಾಣ ಉಳಿಸಿತು. ಆದರೆ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಯಜಮಾನರು ನನ್ನ ಕೈ ಹಿಡಿದುಕೊಂಡು, "ನಾನೇನು ಬೇಕೆಂದು ಮಾಡಿದೆನೇ ಸ್ವಾಮಿ?" ಎಂದು ಕಣ್ಣೀರಿಟ್ಟರು. ನನ್ನಲ್ಲಿ ಉತ್ತರವಿರಲಿಲ್ಲ. ಗೋಡೆಯಿಲ್ಲದ್ದನ್ನು ನಾನೂ ಕಂಡಿದ್ದೆನಲ್ಲವೇ!

ಆ ರಾತ್ರಿ ಪವಿತ್ರ ಗ್ರಂಥದಲ್ಲಿ ಹಿಂದೆ ಎಷ್ಟೋ ಸಲ ಓದಿ ದಾಟಿಹೋಗಿದ್ದ ಒಂದು ಪುಟ್ಟ ನಿಯಮವನ್ನು ಮತ್ತೆ ಓದಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲಿರುತ್ತದೆ ಎಂಬುದು ಅದರ ಸಾರ (ಧರ್ಮೋಪದೇಶಕಾಂಡ 22:8). ಇಸ್ರಯೇಲರ ಮನೆಗಳಿಗೆ ಮಟ್ಟಸವಾದ ಮಾಳಿಗೆಗಳಿದ್ದವು. ಅಲ್ಲಿ ನಾರು ಒಣಗಿಸುತ್ತಿದ್ದರು, ಪ್ರಾರ್ಥನೆಗೂ ಅಲ್ಲಿಗೇ ಹೋಗುತ್ತಿದ್ದರು. ಸಂತ ಪೇತ್ರರು ಯೊಪ್ಪದಲ್ಲಿ ಪ್ರಾರ್ಥಿಸಲು ಮಾಳಿಗೆಗೆ ಹತ್ತಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಭೂಮ್ಯಾಕಾಶಗಳನ್ನು ಉಂಟುಮಾಡಿದ ದೇವರು ಒಬ್ಬ ಬಡ ರೈತನ ಮಾಳಿಗೆಯ ಅಂಚಿನ ಬಗ್ಗೆಯೂ ಚಿಂತಿಸಿದರು! ನೀನು ಬೇಕೆಂದು ಮಾಡಿದೆಯಾ ಎಂದು ಈ ನಿಯಮ ಕೇಳುವುದಿಲ್ಲ. ನಾಳೆ ನಿನ್ನ ಮನೆಗೆ ಬರುವವರನ್ನು ಇಂದೇ ನೆನೆದೆಯಾ ಎಂದು ಕೇಳುತ್ತದೆ.

ಕಾನೂನು ಏಕೆ ಬೇಕು ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಕಣ್ಣೆದುರಿಗಿರುವವರನ್ನು ಪ್ರೀತಿಸುವುದು ಸುಲಭ. ಆ ಯಜಮಾನರು ಪಕ್ಕದ ಮನೆಯ ಹುಡುಗನಿಗೆ ಹಬ್ಬದ ದಿನ ತಿಂಡಿ ಕೊಟ್ಟವರೇ. ಆದರೆ ಕಣ್ಣಿಗೆ ಕಾಣದವರನ್ನು, ಇನ್ನೂ ನಡೆಯದ ಅನಾಹುತವನ್ನು ನಮ್ಮ ಪ್ರೀತಿ ಮರೆತುಬಿಡುತ್ತದೆ. ಹಾಗೆ ಮರೆಯುವ ಪ್ರೀತಿಗೆ ನೆನಪು ಮಾಡಿಕೊಡುವುದೇ ಕಾನೂನು.

ಸಂತ ತೋಮಸ್ ಅಕ್ವಿನಾಸರು ಕಾನೂನಿಗೆ ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ. ಅದು ವಿವೇಕದಿಂದ ಹುಟ್ಟಿರಬೇಕು, ಎಲ್ಲರ ಒಳಿತಿಗಾಗಿ ಇರಬೇಕು, ಸಮುದಾಯದ ಹೊಣೆ ಹೊತ್ತವರು ಮಾಡಿರಬೇಕು, ಎಲ್ಲರಿಗೂ ತಿಳಿಯುವಂತೆ ಸಾರಿರಬೇಕು. ನಮ್ಮ ದಿನನಿತ್ಯದಿಂದಲೇ ಒಂದು ಉದಾಹರಣೆ ನೋಡೋಣ. ರಸ್ತೆಯ ಎಡಗಡೆ ವಾಹನ ಓಡಿಸುವುದರಲ್ಲಿ ವಿಶೇಷ ಪುಣ್ಯವೇನಿಲ್ಲ. ಬಲಗಡೆ ಓಡಿಸುವ ದೇಶಗಳೂ ಇವೆ. ಆದರೆ ನೆರೆಯವನ ಪ್ರಾಣ ಕಾಪಾಡು ಎಂಬುದು ದೇವರ ಕಟ್ಟಳೆ. ಆ ಕಟ್ಟಳೆ ನಮ್ಮ ರಸ್ತೆಗೆ ಇಳಿದುಬಂದಾಗ ಎಡಗಡೆ ಹೋಗು, ಕೆಂಪು ದೀಪಕ್ಕೆ ನಿಲ್ಲು ಎಂಬ ರೂಪ ತಾಳುತ್ತದೆ. ಬೆಳಿಗ್ಗೆ ಪೂಜೆಗೆ ಹೊತ್ತಾಯಿತೆಂದು ಕೆಂಪು ದೀಪ ದಾಟಿ ಬರುವವರು ದೇವರ ಆಲಯಕ್ಕೆ ಬರುತ್ತಾ ದೇವರ ಕಟ್ಟಳೆಯನ್ನೇ ತುಳಿದು ಬರುತ್ತಾರೆ.

ಕಾನೂನು ವಿಶೇಷವಾಗಿ ಯಾರಿಗೆ ಬೇಕು? ಬಲವುಳ್ಳವನಿಗೆ ತೋಳಿದೆ, ಹಣವಿದೆ, ಪರಿಚಯವಿದೆ. ಬಡವನಿಗೆ ಇರುವುದು ಕಾನೂನೊಂದೇ. ಆದ್ದರಿಂದಲೇ ಮೋಶೆಯ ಮೂಲಕ ಬಂದ ನಿಯಮಗಳಲ್ಲಿ ಬಡವರ ಹೆಜ್ಜೆಗುರುತು ಎಲ್ಲೆಲ್ಲೂ ಕಾಣುತ್ತದೆ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಸೂರ್ಯ ಮುಳುಗುವ ಮೊದಲೇ ಹಿಂದಿರುಗಿಸಬೇಕು. ತಕ್ಕಡಿ, ತೂಕದ ಕಲ್ಲು ಸರಿಯಾಗಿರಬೇಕು. ಹೊಲದ ಅಂಚಿನವರೆಗೂ ಕೊಯ್ಯದೆ, ಉದುರಿದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ವಿಧವೆ ರೂತಳು ಬೋವಜನ ಹೊಲದಲ್ಲಿ ತೆನೆ ಆಯ್ದು ಅತ್ತೆಯನ್ನು ಸಾಕಿದ್ದು ಈ ನಿಯಮದ ನೆರಳಿನಲ್ಲಿಯೇ. ಅವಳ ವಂಶದಲ್ಲಿ ಅರಸ ದಾವೀದನು ಹುಟ್ಟಿದನು.

ನಮ್ಮ ನಾಡಿಗೂ ಇದು ಹೊಸದಲ್ಲ. ಅಜ್ಜ ಪಡೆದ ಸಾಲಕ್ಕೆ ಮೊಮ್ಮಗ ಜೀತ ಮಾಡುತ್ತಿದ್ದ ಕಾಲವಿತ್ತು. ಒಡೆಯರಲ್ಲಿ ಕರುಣೆಯುಳ್ಳವರೂ ಇದ್ದಿರಬಹುದು. ಆದರೆ ಕರುಣೆ ಒಡೆಯನ ಮರ್ಜಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಜೀತದ ಸಾಲಗಳನ್ನೇ ಅಳಿಸಿಹಾಕಿತು. ಬಿಡುಗಡೆ ಅವನ ಹಕ್ಕಾಯಿತು.

ಇನ್ನು ನಮ್ಮ ಮನೆಯೊಳಗೇ ಬರೋಣ. ಕೇರಳದ ತಿರುವಾಂಕೂರಿನಲ್ಲಿ 1916ರ ಒಂದು ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ. ಎರಡರಲ್ಲಿ ಯಾವುದು ಕಡಿಮೆಯೋ ಅದು! ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1986ರಲ್ಲಿ ಅಲ್ಲಿಯ ಕ್ರೈಸ್ತರಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯಿಸುತ್ತದೆಂದು ತೀರ್ಪಾಯಿತು. ಆ ಕಾಯ್ದೆ ಮಗ, ಮಗಳು ಎಂಬ ಭೇದ ಮಾಡದೆ ಮಕ್ಕಳಿಗೆ ಸಮಪಾಲು ಕೊಡುತ್ತದೆ.

ಇದು ಕೇರಳದ ಕತೆ ಎಂದು ಪುಟ ತಿರುಗಿಸಬೇಡಿ. ತಂದೆಯ ತಿಂಗಳ ಪೂಜೆ ಮುಗಿದ ಸಂಜೆಯೇ ತಂಗಿಯ ಮುಂದೆ ಕಾಗದವಿಟ್ಟು, "ಇಲ್ಲೊಂದು ಸಹಿ ಹಾಕಮ್ಮ" ಎನ್ನುವ ಅಣ್ಣಂದಿರು ನಮ್ಮಲ್ಲಿಯೂ ಇದ್ದಾರೆ. ಅವಳು ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಸಹಿ ಹಾಕುತ್ತಾಳೆ. "ಮದುವೆಗೆ ಕೊಟ್ಟಿದ್ದೇವಲ್ಲ" ಎಂಬುದು ಅಣ್ಣನ ಸಮಾಧಾನ. 1961ರ ಕಾಯ್ದೆಯಂತೆ ವರದಕ್ಷಿಣೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಕಾನೂನು ಬೇಡವೆಂದದ್ದನ್ನು ಕೊಟ್ಟು, ಕಾನೂನು ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಆ ಕೈಯಿಂದಲೇ ಮರುದಿನ ಪರಮಪ್ರಸಾದ ಸ್ವೀಕರಿಸುವುದು ಹೇಗೆ?

ಹಾಗಾದರೆ ಕಾನೂನೊಂದಿದ್ದರೆ ಸಾಕೇ? ಸಾಲದು. ಫರಿಸಾಯರು ನಿಯಮದ ಅಕ್ಷರವನ್ನು ಹಿಡಿದು ಅದರ ಉದ್ದೇಶವನ್ನು ಕೈಬಿಟ್ಟರು. ಸಬ್ಬತ್ ಇರುವುದು ಮಾನವನಿಗಾಗಿ ಎಂದು ಪ್ರಭು ಯೇಸು ಅವರಿಗೆ ನೆನಪಿಸಿದರು. ಬತ್ತಿದ ಕೈಯವನನ್ನು ಆ ದಿನವೇ ಗುಣಪಡಿಸಿದರು. ಮನುಷ್ಯರು ಮಾಡಿದ ಕಾನೂನು ದೇವರ ಕಟ್ಟಳೆಗೆ ವಿರುದ್ಧವಾದಾಗ ದೇವರಿಗೇ ವಿಧೇಯರಾಗಬೇಕೆಂದು ಪ್ರೇಷಿತರು ನ್ಯಾಯಸಭೆಯ ಮುಂದೆಯೇ ಹೇಳಿದರು. ಆದರೂ ಪ್ರಭು ನಿಯಮವನ್ನು ರದ್ದುಮಾಡಲು ಬರಲಿಲ್ಲ, ನೆರವೇರಿಸಲು ಬಂದರು. ಪ್ರೀತಿಯಲ್ಲಿಯೇ ಧರ್ಮಶಾಸ್ತ್ರ ನೆರವೇರುತ್ತದೆಂದು ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದರು. ತಡೆಗೋಡೆ ಯಾರಿಗೂ ಪ್ರೀತಿಸಲು ಕಲಿಸದು ನಿಜ. ಆದರೆ ನಾವು ಪ್ರೀತಿಸಲು ಕಲಿಯುವ ತನಕ ನೆರೆಮನೆಯ ಮಗು ಬೀಳದಂತೆ ತಡೆಯುತ್ತದೆ.

ಆ ಯಜಮಾನರು ಹುಡುಗನ ಚಿಕಿತ್ಸೆಯ ವೆಚ್ಚ ಭರಿಸಿದರು. ಯಾರ ಒತ್ತಾಯವೂ ಇಲ್ಲದೆ, ಸಾಲ ಮಾಡಿ ಎದೆಯೆತ್ತರದ ಗೋಡೆ ಕಟ್ಟಿಸಿದರು. ಹುಡುಗ ಚೇತರಿಸಿಕೊಂಡು ಮರುವರ್ಷ ಅಲ್ಲಿಂದಲೇ ಗಾಳಿಪಟ ಹಾರಿಸಿದ. ನಾನೂ ಒಂದು ಪಾಠ ಕಲಿತೆ. ಈಗ ಯಾವ ಮನೆ ಮಂತ್ರಿಸಲು ಹೋದರೂ ಮೊದಲು ತಾರಸಿ ಹತ್ತಿ ನೋಡುತ್ತೇನೆ. ಗೋಡೆಯಿಲ್ಲದಿದ್ದರೆ ಬಾಯಿ ಬಿಟ್ಟು ಹೇಳುತ್ತೇನೆ.

ಪ್ರಿಯರೇ, ಈ ವಾರ ರಾತ್ರಿಯ ಜಪಮಾಲೆಯ ನಂತರ ಮನೆಮಂದಿಯೆಲ್ಲ ಐದು ನಿಮಿಷ ಕುಳಿತು ಕೇಳಿಕೊಳ್ಳಿ: ನಮ್ಮ ಮನೆಯಲ್ಲಿ ಗೋಡೆಯಿಲ್ಲದ ತಾರಸಿ ಯಾವುದು? ಕೆಲಸದವಳಿಗೆ ಉಳಿಸಿಕೊಂಡ ಕೂಲಿಯೇ, ಅಂಗಡಿಯ ತಕ್ಕಡಿಯೇ, ಲೈಸೆನ್ಸ್ ಇಲ್ಲದ ಮಗನ ಕೈಗೆ ಕೊಟ್ಟ ಬೈಕಿನ ಕೀಲಿಯೇ, ತಂಗಿ ಅಳುತ್ತಾ ಹಾಕಿದ ಸಹಿಯೇ? ಯಾವುದೆಂದು ನಿಮಗೆ ಗೊತ್ತಿದೆ. ಹಬ್ಬ ಕಳೆಯಲಿ ಎಂದು ಕಾಯಬೇಡಿ.