ಸೋಲುವ ಅಧಿಕಾರ

ಪಂದ್ಯಾವಳಿಯೆಂಬುದು ಒಂದು ತಂಡವನ್ನು ಗೆಲ್ಲಿಸುವದಕ್ಕಾಗಿ ಉಳಿದ ತಂಡಗಳೆಲ್ಲವನ್ನೂ ಸೋಲಿಸುವ ವ್ಯವಸ್ಥೆಯು. ಸೋತವರು ಹೊರಬೀಳುವ ಕ್ರಮದಲ್ಲಿ 16 ಕಾಲೇಜುಗಳ ತಂಡಗಳು ಕೂಡಿದರೆ 15 ಆಟಗಳಾಗುವವು; ಒಂದೊಂದು ಆಟವೂ ಒಂದೊಂದು ತಂಡವನ್ನು ಊರಿಗೆ ಮರಳಿಸುವದು. ಬಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಂತೂ ಸರಿಸಮವೆಂಬ ಸಮಾಧಾನಕ್ಕೂ ಎಡೆಯಿಲ್ಲ. ಅಂಕಗಳು ಸಮನಾದರೆ ಐದೈದು ನಿಮಿಷಗಳ ಆಟವನ್ನು ಹೆಚ್ಚಿಸುತ್ತ ಹೋಗಿ ನಿರ್ಣಯವನ್ನು ಪಡೆದೇ ತೀರುವರು. ವಿದ್ಯಾದಾನಕ್ಕಾಗಿ ನೆಲೆಗೊಂಡ ಕಾಲೇಜುಗಳು ತಮ್ಮ ವಿದ್ಯಾರ್ಥಿನಿಯರನ್ನು ಇಂತಹ ಕಣಕ್ಕೆ ಇಳಿಸುವದು ಉಚಿತವೆ?

ಹುಲಕೋಟಿಯಂತಹ ಊರಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವುಂಟು. ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಒಕ್ಕಲಿಗರ ಪತ್ತಿನ ಸಹಕಾರಿ ಸಂಘವು ಹುಟ್ಟಿತು. ಮುಂದೆ ಹುಲಕೋಟಿಯ ಕೆ. ಎಚ್. ಪಾಟೀಲರು ಅದೇ ತತ್ತ್ವವನ್ನು ನೂಲಿನ ಗಿರಣಿಯ ವರೆಗೆ ಬೆಳೆಸಿದರು. ಒಬ್ಬನ ಹಾನಿಯಿಂದ ಇನ್ನೊಬ್ಬನ ಏಳಿಗೆಯಾಗಬಾರದೆಂಬುದು ಸಹಕಾರದ ಜೀವಾಳವು. ಇಂತಹ ನೆಲದ ಗ್ರಾಮೀಣ ಇಂಜಿನಿಯರಿಂಗ್ ಕಾಲೇಜಿನಿಂದ ಐವರು ಹುಡುಗಿಯರು ಅಂತರ ಕಾಲೇಜು ಪಂದ್ಯಾವಳಿಗೆ ಹೊರಟರೆಂದು ಭಾವಿಸೋಣ. ಹಿರಿಯರು ಕೂಡಿ ಬಾಳುವದನ್ನು ಕಲಿಸಿದಲ್ಲಿ ಮಕ್ಕಳು ಸೋಲಿಸುವದನ್ನು ಕಲಿಯಬಹುದೆ ಎಂಬ ಆಕ್ಷೇಪವು ಹಗುರಾದುದಲ್ಲ.

ಆದರೆ ಸೋಲುಗಳೆಲ್ಲ ಒಂದೇ ಜಾತಿಯವಲ್ಲ. ಸಾಹುಕಾರನ ಬಡ್ಡಿಯೆದುರು ಸೋತ ಒಕ್ಕಲಿಗನು ಹೊಲವನ್ನು ಕಳೆದುಕೊಳ್ಳುವನು. ಅವನ ಸೋಲನ್ನು ಮಕ್ಕಳೂ ಉಣ್ಣುವರು. ಸಹಕಾರವು ಹುಟ್ಟಿದುದು ಆ ಸೋಲನ್ನು ತಡೆಯುವದಕ್ಕೆ. ಆಟದಲ್ಲಿ ಸೋತವಳಿಂದ ಢಾಲೊಂದರ ಹೊರತು ಏನೂ ಹೋಗುವದಿಲ್ಲ. ಕಾಲಿನ ಕಸುವು, ಕೈಯ ಚಳಕ, ಜೊತೆಯ ನಾಲ್ವರ ನಂಬಿಗೆ ಇವೆಲ್ಲ ಅವಳಲ್ಲಿಯೇ ಉಳಿಯುವವು. ಅದಲ್ಲದೆ ಎದುರಾಳಿಯು ಕೂಡ ಒಂದು ವಿಧದ ಪಾಲುಗಾರಳೇ. ಅವಳು ಕಣಕ್ಕಿಳಿದು ಅದೇ ನಿಯಮಗಳಿಗೆ ತಲೆಬಾಗದಿದ್ದರೆ ಆಟವೇ ಇಲ್ಲ.

2017ರಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ ಮಹಿಳಾ ಪಂದ್ಯಾವಳಿಯ ಎರಡನೆಯ ವಿಭಾಗದ ಕೊನೆಯ ಆಟದಲ್ಲಿ ಭಾರತದ ತಂಡವು ಕಝಾಕಸ್ತಾನವನ್ನು 75-73ರಿಂದ ಗೆದ್ದು ಮೇಲಿನ ವಿಭಾಗಕ್ಕೇರಿತು. ಆ ಗೆಲವಿಗೆ ಬೆಲೆ ಬಂದುದು ಕೇವಲ ಎರಡು ಅಂಕಗಳ ವರೆಗೆ ಬೆನ್ನಟ್ಟಿದ ಸೋತವರಿಂದಲೇ. 2019ರಲ್ಲಿ ಅದೇ ಬೆಂಗಳೂರಿನಲ್ಲಿ ಮೇಲಿನ ವಿಭಾಗದ ಎಂಟು ತಂಡಗಳಲ್ಲಿ ಭಾರತಕ್ಕೆ ಎಂಟನೆಯ ಸ್ಥಾನವು ಬಂದಿತು. ಆದರೂ ಜಪಾನ್, ಕೊರಿಯಾಗಳಂತಹ ಬಲಿಷ್ಠರೆದುರು ಆಡಿ ಸೋಲುವ ಯೋಗ್ಯತೆಯನ್ನು ಸಂಪಾದಿಸಿ ಕೊಟ್ಟುದು ಹಿಂದಿನ ಗೆಲವೇ ಎಂಬುದನ್ನು ಮರೆಯಬಾರದು.

ಸ್ತ್ರೀಯರಿಗೆ ಈ ಯೋಗ್ಯತೆಯು ಸುಲಭವಾಗಿ ದೊರೆಯಲಿಲ್ಲ. 1891ರ ಡಿಸೆಂಬರಿನಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ತನು ಈ ಆಟವನ್ನು ಕಲ್ಪಿಸಿದನು. ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿಯು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಅದನ್ನು ಕಲಿಸಿದಳು. ಅವಳ ಉಪಕಾರವು ದೊಡ್ಡದು. ಆದರೆ ಅವಳೇ ಅಂಗಣವನ್ನು ಮೂರು ಪಾಲು ಮಾಡಿ ಆಟಗಾರ್ತಿಯರನ್ನು ಅವರವರ ಪಾಲಿನಲ್ಲಿಯೇ ನಿಲ್ಲಿಸಿದಳು. ಚೆಂಡನ್ನು ಕಸಿಯಕೂಡದು, ಮೂರು ಸಲಕ್ಕಿಂತ ಹೆಚ್ಚು ಪುಟಿಸಕೂಡದು ಎಂದು ಕಟ್ಟಳೆಗಳಾದವು. 1896ರ ಏಪ್ರಿಲ್ 4ರಂದು ಸ್ಟ್ಯಾನ್‌ಫರ್ಡ್ ಹಾಗೂ ಕ್ಯಾಲಿಫೋರ್ನಿಯಾ ವಿದ್ಯಾಲಯಗಳ ಹುಡುಗಿಯರು ಆಡಿದಾಗ ಗಂಡಸರಿಗೆ ಪ್ರವೇಶವಿರಲಿಲ್ಲ. ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು. ಹೆಣ್ಣುಮಕ್ಕಳು ದಣಿಯಬಾರದು, ಹತ್ತು ಜನರ ಮುಂದೆ ಬೀಳಬಾರದು ಎಂಬ ಕರುಣೆಯೇ ಈ ಕಟ್ಟುಗಳ ಮೂಲವು. ಆದರೆ ಸೋಲಿನಿಂದ ಕಾಯುವ ಕರುಣೆಯು ಗೆಲವಿನಿಂದಲೂ ದೂರವಿಡುವದು.

ಆ ಗೆರೆಗಳು ಅಂಗಣದಿಂದ ಅಳಿದು ಹೋಗಿವೆ. ಮನೆಗಳಲ್ಲಿ ಎಲ್ಲೆಡೆಯೂ ಅಳಿದಿಲ್ಲ. ಮಗನು ಸೋತು ಬಂದರೆ ಆಟವೊಂದು ಸೋತಿತೆನ್ನುವರು. ಮಗಳು ಸೋತು ಬಂದರೆ ಇನ್ನು ಆಡಿದ್ದು ಸಾಕೆನ್ನುವವರು ಈಗಲೂ ಉಂಟು. ಆ ಮಾತಿನಿಂದ ಆಟದ ಸೋಲಿಗೆ ಸಾಲದ ಸೋಲಿನ ಗುಣವು ಬರುವದು: ಢಾಲಿನೊಡನೆ ಅಂಗಣವೂ ಹೋಗುವದು, ತಂಗಿಯರ ಪಾಲೂ ಹೋಗುವದು. ಪಂದ್ಯಾವಳಿಯಲ್ಲಿ ಅನ್ಯಾಯವು ಹೊಕ್ಕರೆ ಅದು ಹೊಗುವದು ಈ ಬಾಗಿಲಿನಿಂದಲೇ.

ಆದುದರಿಂದ ಪಂದ್ಯಾವಳಿಯು ಉಚಿತವೋ ಅನುಚಿತವೋ ಎಂಬುದು ಢಾಲನ್ನು ಕೊಡುವ ಗಳಿಗೆಯಲ್ಲಿ ಗೊತ್ತಾಗುವದಿಲ್ಲ. ಮೊದಲನೆಯ ಆಟದಲ್ಲಿಯೇ ಸೋತ ಐವರು ಬಸ್ಸಿಳಿದು ಬಂದ ದಿನ ಅವರನ್ನು ಕಾಲೇಜು ಹೇಗೆ ಬರಮಾಡಿಕೊಂಡಿತು, ಮರುದಿನದ ಸಂಜೆ ಅವರಿಗೆ ಚೆಂಡು ದೊರಕಿತೋ ಇಲ್ಲವೋ ಎಂಬುದರಿಂದಲೇ ಅದನ್ನು ಅಳೆಯಬೇಕು. ಬಿದ್ದ ಒಕ್ಕಲಿಗನನ್ನು ಮತ್ತೆ ಬಿತ್ತನೆಗೆ ನಿಲ್ಲಿಸುವದನ್ನು ಕಲಿತ ಸೀಮೆಗೆ ಇದು ಹೊಸ ಪಾಠವಲ್ಲ.